ಕಂಪ್ಯೂಟರ್ ಪ್ರಶ್ನೋತ್ತರ: ಎಲ್ಲವೂ ತುರ್ತು ಎಂದಾಗ ಯಾವುದು ಮೊದಲು?

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಸುತ್ತುತ್ತವೆ. ತಂತ್ರಾಂಶ ಬರೆಯುವವರೂ ಬರೆಸುವವರೂ ಬಳಕೆದಾರರ ಅಗತ್ಯಗಳನ್ನು ಹೇಗೆ ಜೋಡಿಸಿಕೊಳ್ಳಬೇಕು, ಯಾವುದಕ್ಕೆ ಆದ್ಯತೆ ಕೊಡಬೇಕು ಎಂದು ಕೇಳಿದ್ದಾರೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಸಣ್ಣ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಕಾಫಿ ಮತ್ತು ಕರಿಮೆಣಸು ಖರೀದಿಯ ತಂತ್ರಾಂಶ ಬರೆಯುತ್ತಿದ್ದೇವೆ. ಸ್ವಲ್ಪಸ್ವಲ್ಪವಾಗಿ ಮುಗಿಸಿ ತೋರಿಸುತ್ತ ಹೋಗುವ ಅಜೈಲ್ ಕ್ರಮವನ್ನು ಅನುಸರಿಸಿ ಎರಡೆರಡು ವಾರಗಳ ಕಂತುಗಳಲ್ಲಿ, ಅಂದರೆ ಸ್ಪ್ರಿಂಟ್‌ಗಳಲ್ಲಿ, ಕೆಲಸ ನಡೆಯುತ್ತಿದೆ. ಆದರೆ ನಿರ್ದೇಶಕರು, ಕಾರ್ಯದರ್ಶಿ, ಗುಮಾಸ್ತರು, ಬೆಳೆಗಾರರು ಹೀಗೆ ಒಬ್ಬೊಬ್ಬರೂ ಒಂದೊಂದು ಸೇರಿಸುತ್ತ ಹೋಗಿ ಅಗತ್ಯಗಳ ಪಟ್ಟಿ ನೂರು ದಾಟಿದೆ. ಪ್ರತಿಯೊಂದರ ಮುಂದೆಯೂ ‘ತುರ್ತು’ ಎಂದು ಬರೆದಿದೆ. ಕುಯ್ಲು ಹತ್ತಿರ ಬರುತ್ತಿದೆ. ಎಲ್ಲಿಂದ ಶುರು ಮಾಡಬೇಕು? (ವಿರಾಜಪೇಟೆಯ ಓದುಗರು)

ಉತ್ತರ: ನೂರು ಸಾಲುಗಳಿಗೆ ಮೇಲಿನಿಂದ ಕೆಳಕ್ಕೆ ಅಂಕಿ ಹಾಕುತ್ತ ಹೋಗುವ ಪ್ರಯತ್ನವನ್ನು ಮೊದಲು ನಿಲ್ಲಿಸಿ. ಅಂಥ ಪಟ್ಟಿಯಲ್ಲಿ ‘ತೂಕದ ಚೀಟಿ ಮುದ್ರಿಸಬೇಕು’ ಎಂಬ ಎರಡು ದಿನದ ಕೆಲಸವೂ ‘ಲೆಕ್ಕಪತ್ರವೆಲ್ಲ ಕಂಪ್ಯೂಟರಿಗೆ ಬರಬೇಕು’ ಎಂಬ ಹಲವು ತಿಂಗಳ ಕೆಲಸವೂ ಅಕ್ಕಪಕ್ಕದಲ್ಲೇ ಇರುತ್ತವೆ. ಅಳತೆಯಲ್ಲಿ ಇಷ್ಟು ಅಂತರವಿರುವ ಎರಡನ್ನು ಎದುರುಬದುರು ಇಟ್ಟು ಯಾವುದು ಮುಖ್ಯ ಎಂದು ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಬರುವುದಿಲ್ಲ. ಆದ್ಯತೆ ನಿರ್ಧರಿಸುವ ಮುಂಚೆ ಜೋಡಣೆ ಆಗಬೇಕು.

ಸಂಘದ ಖರೀದಿ ಶೆಡ್ಡಿನಲ್ಲಿ ಒಂದು ದಿನ ನಡೆಯುವ ಕೆಲಸವನ್ನು ಎಡದಿಂದ ಬಲಕ್ಕೆ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ಬೆಳೆಗಾರರು ಚೀಲ ತರುತ್ತಾರೆ, ತೂಕವಾಗುತ್ತದೆ, ಮಾದರಿ ತೆಗೆದು ತೇವಾಂಶ ಮತ್ತು ಔಟ್‌ಟರ್ನ್ (ಚೀಲದಲ್ಲಿ ಸಿಗುವ ಶುದ್ಧ ಕಾಫಿ ಬೀಜದ ಪ್ರಮಾಣ) ನೋಡುತ್ತಾರೆ, ಆ ದಿನದ ದರ ಹಾಕುತ್ತಾರೆ, ಮುಂಗಡವನ್ನೂ ಸಾಲವನ್ನೂ ಕಳೆಯುತ್ತಾರೆ, ಉಳಿದ ಹಣ ಪಾವತಿಯಾಗುತ್ತದೆ, ಚೀಲ ಗೋದಾಮಿಗೆ ಹೋಗಿ ಅಲ್ಲಿಂದ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗುತ್ತದೆ. ಈ ಸಾಲೇ ನಿಮ್ಮ ತಂತ್ರಾಂಶದ ಬೆನ್ನೆಲುಬು. ನಿಮ್ಮಲ್ಲಿರುವ ನೂರು ಅಗತ್ಯಗಳಲ್ಲಿ ಪ್ರತಿಯೊಂದನ್ನೂ ಅದು ಸೇರುವ ಹಂತದ ಕೆಳಗೆ ಅಂಟಿಸುತ್ತ ಬನ್ನಿ. ಜೆಫ್ ಪ್ಯಾಟನ್ ಎಂಬವರು ಬಳಕೆಗೆ ತಂದ ಈ ಕ್ರಮವನ್ನು ಸ್ಟೋರಿ ಮ್ಯಾಪಿಂಗ್ ಎನ್ನುತ್ತಾರೆ. ಅಂಟಿಸುವಾಗಲೇ ಅರ್ಧ ಗೊಂದಲ ಕಳೆಯುತ್ತದೆ. ನಿರ್ದೇಶಕರೊಬ್ಬರು ‘ಬಾಕಿ ಪಟ್ಟಿ’ ಎಂದದ್ದೂ ಗುಮಾಸ್ತರು ‘ಮುಂಗಡದ ವಿವರ’ ಎಂದದ್ದೂ ಒಂದೇ ಎಂದು ತಿಳಿಯುತ್ತದೆ. ಯಾವ ಹಂತಕ್ಕೂ ಸೇರದ ಚೀಟಿಗಳು ಬೇರೆಯಾಗಿ ಉಳಿಯುತ್ತವೆ. ಅವನ್ನು ಕೇಳಿದವರ ಬಳಿಗೇ ಹಿಂತಿರುಗಿಸಿ, ಇದು ಯಾವ ಕೆಲಸದ ನಡುವೆ ಬೇಕಾಗುತ್ತದೆ ಎಂದು ಕೇಳಿ.

ಆಮೇಲೆ ಗೋಡೆಯ ಮೇಲೆ ಅಡ್ಡಗೆರೆ ಎಳೆಯಬೇಕು. ಒಂದು ಚೀಲ ಶೆಡ್ಡಿನ ಬಾಗಿಲಿನಿಂದ ಪಾವತಿಯವರೆಗೆ ಸಾಗಲು ಪ್ರತಿ ಹಂತದಲ್ಲೂ ಕನಿಷ್ಠ ಎಷ್ಟು ಬೇಕೋ ಅಷ್ಟು ಮಾತ್ರ ಗೆರೆಯ ಮೇಲೆ ಉಳಿಯಲಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂಬ ನಾಲ್ಕೂ ಬಗೆಗಳನ್ನು (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ) ಮೊದಲ ದಿನವೇ ತರಬೇಕಾಗಿಲ್ಲ. ನಿಮ್ಮ ಕಡೆ ರೊಬಸ್ಟಾ ಹೆಚ್ಚು. ಸಂಘಕ್ಕೆ ಬರುವುದರಲ್ಲಿ ಒಣ ಚೆರಿಯೇ ಬಹುಪಾಲಾದರೆ, 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಕ್ಲೀನ್ ಕಾಫಿ ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕವೊಂದು ತಪ್ಪಿಲ್ಲದೆ ನಡೆಯುವ ತಂತ್ರಾಂಶ ಮೊದಲು ಸಿದ್ಧವಾಗಲಿ. ಉಳಿದ ಬಗೆಗಳನ್ನು ಗುಮಾಸ್ತರು ಇನ್ನೂ ಕೆಲವು ವಾರ ಹಳೆಯ ಪುಸ್ತಕದಲ್ಲೇ ಬರೆದುಕೊಳ್ಳಲಿ. ತೂಕದ ಭಾಗವನ್ನು ನಾಲ್ಕೂ ಬಗೆಗಳಿಗೆ ಪೂರ್ತಿ ಮುಗಿಸಿ, ಪಾವತಿಯ ಭಾಗವನ್ನು ಮುಟ್ಟದೆಯೇ ಕುಯ್ಲಿಗೆ ಹೋದರೆ, ಕೆಲಸ ಬಹಳ ಆದಂತೆ ಕಂಡರೂ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಗೆರೆ ಎಲ್ಲಿ ಬರಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ. ಅದಕ್ಕೇ ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಕ್ರಮದಲ್ಲಿ, ಪಟ್ಟಿಯ ಆದ್ಯತೆಯನ್ನು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಎಂಬ ಹೊಣೆಯಿದೆ. ಆ ಹೊಣೆ ಒಬ್ಬ ವ್ಯಕ್ತಿಯದು, ಸಮಿತಿಯದಲ್ಲ ಎಂದು ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ರೂಪಿಸಿದ ಸ್ಕ್ರಮ್ ಮಾರ್ಗದರ್ಶಿ ಸ್ಪಷ್ಟವಾಗಿಯೇ ಹೇಳುತ್ತದೆ. ಸಹಕಾರ ಸಂಘದಲ್ಲಿ ಎಲ್ಲ ತೀರ್ಮಾನವೂ ಆಡಳಿತ ಮಂಡಳಿಯದಾಗಿರುವುದರಿಂದ ಇದು ಕಷ್ಟವೆನಿಸುವುದು ಸಹಜ. ಆದರೂ ಮಂಡಳಿಯ ಸಭೆಯಲ್ಲಿ ನಿರ್ಣಯ ಬರೆಸಿ ಒಬ್ಬರಿಗೆ ಈ ಅಧಿಕಾರ ಕೊಡಿಸುವುದು ನಿಮ್ಮ ಮೊದಲ ಕೆಲಸವೆಂದು ನಾನು ಭಾವಿಸುತ್ತೇನೆ. ಕುಯ್ಲಿನ ದಿನಗಳಲ್ಲಿ ಶೆಡ್ಡಿನಲ್ಲಿ ಕುಳಿತು ಬೆಳೆಗಾರರ ಮುಖ ನೋಡುವವರೇ ಆ ವ್ಯಕ್ತಿಯಾಗಿದ್ದರೆ ಒಳ್ಳೆಯದು. ಉಳಿದ ನಿರ್ದೇಶಕರು ತಮ್ಮ ಅಗತ್ಯವನ್ನು ಅವರಿಗೆ ಹೇಳಿ ಒಪ್ಪಿಸಬಹುದು. ಆದರೆ ನಿಮ್ಮ ನಾಲ್ವರಲ್ಲಿ ಒಬ್ಬರಿಗೆ ನೇರವಾಗಿ ಫೋನ್ ಮಾಡಿ ಪಟ್ಟಿಯನ್ನು ಬದಲಿಸುವಂತಿರಬಾರದು.

‘ತುರ್ತು’ ಎಂಬ ಪದವನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಅದರ ಜಾಗದಲ್ಲಿ, ಇದು ಯಾವ ತಾರೀಖಿನೊಳಗೆ ಬೇಕು, ಆ ತಾರೀಖು ತಪ್ಪಿದರೆ ಯಾರಿಗೆ ಏನು ನಷ್ಟ, ತಂತ್ರಾಂಶ ಇಲ್ಲದಿದ್ದರೆ ಈಗ ಆ ಕೆಲಸವನ್ನು ಹೇಗೆ ನಡೆಸುತ್ತಿದ್ದಾರೆ ಎಂದು ಬರೆಸಿ. ಅರೇಬಿಕಾ ಕುಯ್ಲು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ಗಳಲ್ಲಿ ಶುರುವಾಗುತ್ತದೆ. ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ, ಕರಿಮೆಣಸು ಅದರ ಜೊತೆಯಲ್ಲೇ ಬರುತ್ತದೆ. ಈ ಕ್ಯಾಲೆಂಡರನ್ನು ಚೀಟಿಗಳ ಪಕ್ಕದಲ್ಲಿ ತೂಗುಹಾಕಿದರೆ, ವಾರ್ಷಿಕ ಮಹಾಸಭೆಗೆ ಬೇಕಾದ ವರದಿಗಳು ಈಗ ಬೇಡವೆಂಬುದು ಹೇಳದೆಯೇ ಅರ್ಥವಾಗುತ್ತದೆ. ಆಡಳಿತ ಮಂಡಳಿಯಿಂದ ಬರುವ ಬೇಡಿಕೆಗಳಲ್ಲಿ ಹೆಚ್ಚಿನವು ವರದಿಗಳೇ ಆಗಿರುತ್ತವೆ. ಶೆಡ್ಡಿನಲ್ಲಿ ಸರಿಯಾದ ಮಾಹಿತಿ ತುಂಬದೆ ಯಾವ ವರದಿಯೂ ಹುಟ್ಟುವುದಿಲ್ಲವಾದ್ದರಿಂದ ಗುಮಾಸ್ತರ ಕೆಲಸ ಸುಲಭವಾಗುವುದು ಮೊದಲು ಬರಲೇಬೇಕು ಎಂದು ಅವರಿಗೆ ವಿವರಿಸಿ. ವಿವರಿಸಿದರೆ ಒಪ್ಪುತ್ತಾರೆ.

ಗೆರೆಯ ಕೆಳಗೆ ಉಳಿದವನ್ನು ಈಗಲೇ ವಿವರವಾಗಿ ಬರೆಯಲು ಹೋಗಬೇಡಿ. ಮುಂದಿನ ಎರಡು ಸ್ಪ್ರಿಂಟ್‌ಗಳಿಗೆ ಬರುವವು ಸಣ್ಣದಾಗಿ, ಸ್ಪಷ್ಟವಾಗಿ ಇರಲಿ. ಅದರಾಚೆಯವು ಒಂದೊಂದು ಸಾಲಿನಲ್ಲಿದ್ದರೆ ಸಾಕು.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪಠ್ಯದಲ್ಲಿ ಮಾಸ್ಕೋ, ಕಾನೋ, ತೂಕ ಹಾಕಿ ಅಂಕ ಕೊಡುವ ವಿಧಾನ ಹೀಗೆ ಹಲವು ಇವೆ. ಇವುಗಳಲ್ಲಿ ಅತ್ಯುತ್ತಮ ಯಾವುದು? ಪ್ರಾಜೆಕ್ಟ್‌ನಲ್ಲಿ ಯಾವುದನ್ನು ಬಳಸಲಿ? (ಕುಶಾಲನಗರದ ವಿದ್ಯಾರ್ಥಿನಿ)

ಉತ್ತರ: ಇವು ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳಲ್ಲ. ಒಂದೊಂದೂ ಕೇಳುವ ಪ್ರಶ್ನೆಯೇ ಬೇರೆ.

ಮಾಸ್ಕೋ ಕ್ರಮವನ್ನು 1994ರಲ್ಲಿ ಒರಾಕಲ್ ಕಂಪನಿಯಲ್ಲಿದ್ದ ಡಾಯ್ ಕ್ಲೆಗ್ ರೂಪಿಸಿದರು, ಮುಂದೆ ಅದು ಡಿಎಸ್‌ಡಿಎಂ ಎಂಬ ಅಜೈಲ್ ಪದ್ಧತಿಯ ಭಾಗವಾಯಿತು. ಇರಲೇಬೇಕಾದವು, ಇರಬೇಕಾದವು, ಇದ್ದರೆ ಒಳ್ಳೆಯದೆನಿಸುವವು, ಈ ಬಾರಿ ಮಾಡದಿರುವವು ಎಂದು ಅಗತ್ಯಗಳನ್ನು ಇದು ನಾಲ್ಕಾಗಿ ವಿಂಗಡಿಸುತ್ತದೆ. ತಾರೀಖು ಬದಲಿಸಲಾಗದ ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಜೊತೆಗಿರುವ ಒಂದು ನಿಯಮವನ್ನು ಬಹಳ ಮಂದಿ ಮರೆಯುತ್ತಾರೆ. ಇರಲೇಬೇಕಾದವುಗಳಿಗೆ ತಂಡದ ಒಟ್ಟು ಶ್ರಮದ ಶೇ. 60ಕ್ಕಿಂತ ಹೆಚ್ಚು ಹೋಗಬಾರದು, ಇದ್ದರೆ ಒಳ್ಳೆಯದೆನಿಸುವವುಗಳಿಗೆ ಸುಮಾರು ಶೇ. 20 ಇರಬೇಕು ಎಂದು ಡಿಎಸ್‌ಡಿಎಂ ಸೂಚಿಸುತ್ತದೆ. ಅಂದಾಜು ತಪ್ಪಿದಾಗ, ತಂಡದಲ್ಲೊಬ್ಬರು ಜ್ವರ ಬಂದು ಮಲಗಿದಾಗ, ತಾರೀಖು ಜಾರದಂತೆ ಉಳಿಸುವುದು ಬಿಡಬಹುದಾದ ಈ ಭಾಗವೇ. ಎಲ್ಲವನ್ನೂ ಇರಲೇಬೇಕಾದವು ಎಂದು ಗುರುತಿಸಿದ ಪಟ್ಟಿಯಲ್ಲಿ ಬಿಡಲು ಏನೂ ಇರುವುದಿಲ್ಲ, ಆಗ ತಾರೀಖನ್ನೇ ಬಿಡಬೇಕಾಗುತ್ತದೆ. ನಾಲ್ಕನೆಯ ಗುಂಪೂ ಅಷ್ಟೇ ಮುಖ್ಯ. ಈ ಬಾರಿ ಏನನ್ನು ಮಾಡುವುದಿಲ್ಲ ಎಂದು ಬರೆದಿಟ್ಟರೆ, ಕೇಳಿದವರು ಕೊನೆಯ ದಿನದವರೆಗೆ ಕಾದು ನಿರಾಶರಾಗುವುದಿಲ್ಲ.

ಜಪಾನಿನ ಪ್ರಾಧ್ಯಾಪಕ ನೊರಿಯಾಕಿ ಕಾನೋ 1984ರಲ್ಲಿ ಪ್ರಕಟಿಸಿದ ಮಾದರಿ ಬಳಕೆದಾರರ ತೃಪ್ತಿಯನ್ನು ನೋಡುತ್ತದೆ. ಒಂದೇ ಸೌಲಭ್ಯದ ಬಗ್ಗೆ ‘ಇದು ಇದ್ದರೆ ನಿಮಗೆ ಹೇಗನಿಸುತ್ತದೆ’, ‘ಇಲ್ಲದಿದ್ದರೆ ಹೇಗನಿಸುತ್ತದೆ’ ಎಂದು ಜೋಡಿ ಪ್ರಶ್ನೆ ಕೇಳುವುದು ಅದರ ವಿಶೇಷ. ತೂಕ ಸರಿಯಾಗಿ ದಾಖಲಾದದ್ದಕ್ಕೆ ಯಾವ ಬೆಳೆಗಾರರೂ ಸಂತೋಷಪಟ್ಟು ಹೇಳಲಾರರು, ಆದರೆ ದಾಖಲಾಗದಿದ್ದರೆ ಸಂಘದ ಮೇಲಿನ ನಂಬಿಕೆಯೇ ಹೋಗುತ್ತದೆ. ಇಂಥದ್ದನ್ನು ಕೇವಲ ‘ನಿಮಗೆ ಏನು ಬೇಕು’ ಎಂದು ಕೇಳಿ ತಿಳಿಯಲಾಗದು, ಏಕೆಂದರೆ ಇರುವುದು ಸಹಜವೆಂದುಕೊಂಡದ್ದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊದಮೊದಲು ಖುಷಿ ಕೊಟ್ಟ ಸೌಲಭ್ಯ ಕಾಲಕ್ರಮದಲ್ಲಿ ಇರಲೇಬೇಕಾದದ್ದಾಗಿ ಬದಲಾಗುತ್ತದೆ ಎಂಬುದನ್ನೂ ಕಾನೋ ಗಮನಿಸಿದ್ದರು. ಹಣ ಜಮೆಯಾದ ಕೂಡಲೇ ಮೊಬೈಲಿಗೆ ಸಂದೇಶ ಬರುವುದನ್ನೇ ನೋಡಿ. ಅದು ಬರದಿದ್ದರೆ ಈಗ ನಮಗೆ ಗಾಬರಿಯಾಗುತ್ತದೆ.

ಅಂಕಿಯ ವಿಧಾನಗಳಲ್ಲಿ ನೀವು ಅರಿಯಬೇಕಾದದ್ದು ವಿಳಂಬದ ವೆಚ್ಚ. ಡಾನ್ ರೈನರ್ಟ್‌ಸನ್ ಪ್ರಚುರಪಡಿಸಿದ ಈ ಲೆಕ್ಕದಲ್ಲಿ, ಒಂದು ಕೆಲಸ ವಾರ ತಡವಾದರೆ ಆಗುವ ನಷ್ಟವನ್ನು ಆ ಕೆಲಸಕ್ಕೆ ಹಿಡಿಯುವ ವಾರಗಳಿಂದ ಭಾಗಿಸುತ್ತಾರೆ, ಹೆಚ್ಚು ಬಂದದ್ದು ಮೊದಲು. ಒಂದು ಕಲ್ಪಿತ ಉದಾಹರಣೆ ನೋಡೋಣ. ತೂಕದ ಚೀಟಿಯ ಭಾಗ ತಡವಾದರೆ ವಾರಕ್ಕೆ 8 ಸಾವಿರ ರೂಪಾಯಿ ನಷ್ಟ, ಬರೆಯಲು 4 ವಾರ ಬೇಕು. ದಿನದ ದರವನ್ನು ಎಸ್‌ಎಂಎಸ್ ಮಾಡುವ ಭಾಗ ತಡವಾದರೆ ವಾರಕ್ಕೆ 3 ಸಾವಿರ ನಷ್ಟ, ಬರೆಯಲು 1 ವಾರ ಸಾಕು. ಭಾಗಿಸಿದರೆ ಮೊದಲಿನದಕ್ಕೆ 2, ಎರಡನೆಯದಕ್ಕೆ 3 ಬರುತ್ತದೆ. ಎಸ್‌ಎಂಎಸ್ ಮೊದಲು ಮಾಡಿದರೆ ಒಟ್ಟು ನಷ್ಟ 3 ಮತ್ತು 40 ಸೇರಿ 43 ಸಾವಿರ. ತೂಕದ ಚೀಟಿ ಮೊದಲು ಮಾಡಿದರೆ 32 ಮತ್ತು 15 ಸೇರಿ 47 ಸಾವಿರ. ಆದ್ದರಿಂದ ಎಸ್‌ಎಂಎಸ್ ಮೊದಲು ಬರಬೇಕು ಎನ್ನುತ್ತದೆ ಸೂತ್ರ.

ಈಗ ಕುಯ್ಲಿಗೆ ಇನ್ನೂ 4 ವಾರ ಇದೆ, ಅಲ್ಲಿಯವರೆಗೆ ಎರಡೂ ಇಲ್ಲದಿದ್ದರೂ ನಷ್ಟವಿಲ್ಲ ಎಂದುಕೊಳ್ಳಿ. ತೂಕದ ಚೀಟಿಯನ್ನು ಮೊದಲು ಮಾಡಿದರೆ ಅದು ಕುಯ್ಲಿನ ಹೊತ್ತಿಗೆ ಸಿದ್ಧವಾಗುತ್ತದೆ, ಎಸ್‌ಎಂಎಸ್ ಒಂದು ವಾರ ತಡವಾಗಿ 3 ಸಾವಿರ ನಷ್ಟವಾಗುತ್ತದೆ. ಅದೇ ಎಸ್‌ಎಂಎಸ್ ಮೊದಲಾದರೆ ತೂಕದ ಚೀಟಿ ಒಂದು ವಾರ ತಡವಾಗಿ 8 ಸಾವಿರ ಹೋಗುತ್ತದೆ. ಅಂಕಿಗಳು ಅವೇ ಆಗಿದ್ದರೂ ಕ್ರಮ ತಲೆಕೆಳಗಾಯಿತು. ನಷ್ಟ ಪ್ರತಿ ವಾರವೂ ಒಂದೇ ಸಮನಾಗಿರುತ್ತದೆ ಎಂದು ಸೂತ್ರ ಊಹಿಸಿಕೊಂಡಿರುತ್ತದೆ. ಕೃಷಿಯ ಕೆಲಸದಲ್ಲಿ ಹಾಗಿರುವುದು ಅಪರೂಪ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ವಿಧಾನದ ಹೆಸರಿಗಿಂತ ಆ ವಿಧಾನದ ಊಹೆ ನಿಮ್ಮ ಬಳಕೆದಾರರ ಬದುಕಿಗೆ ಒಪ್ಪುತ್ತದೆಯೇ ಎಂಬ ಚರ್ಚೆಗೆ ಹೆಚ್ಚು ಜಾಗ ಕೊಡಿ.

ಪ್ರಶ್ನೆ: ನಮ್ಮ ಹೋಂಸ್ಟೇ ಬುಕಿಂಗ್‌ಗೆ ಒಂದು ಆ್ಯಪ್ ಮಾಡಿಸುತ್ತಿದ್ದೇನೆ. ಮಾಡಿಕೊಡುವ ಹುಡುಗರು ‘ಯೂಸರ್ ಸ್ಟೋರಿ ಬರೆದುಕೊಡಿ ಆಂಟಿ’ ಎನ್ನುತ್ತಾರೆ. ನನಗೆ ಕಂಪ್ಯೂಟರ್ ಭಾಷೆ ಗೊತ್ತಿಲ್ಲ. ಏನು ಬರೆದುಕೊಡಲಿ? (ಮಡಿಕೇರಿಯ ಓದುಗರು)

ಉತ್ತರ: ಕಂಪ್ಯೂಟರ್ ಭಾಷೆ ಬೇಕಾಗಿಲ್ಲ. ಯಾರಿಗೆ, ಏನು, ಯಾತಕ್ಕೆ ಎಂಬ ಮೂರು ಸಂಗತಿಗಳನ್ನು ನೀವು ಮಾತನಾಡುವ ಕನ್ನಡದಲ್ಲೇ ಒಂದು ಸಾಲಿನಲ್ಲಿ ಬರೆದರೆ ಅದೇ ಯೂಸರ್ ಸ್ಟೋರಿ. ‘ಮನೆ ನಡೆಸುವ ನನಗೆ, ಫೋನಿನಲ್ಲಿ ಒಪ್ಪಿಕೊಂಡ ಕೋಣೆಯನ್ನು ಆ್ಯಪ್‌ನಲ್ಲಿ ತಕ್ಷಣ ಮುಚ್ಚಲು ಆಗಬೇಕು, ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಲ್ಲಬಾರದು’ ಎಂದು ಬರೆದರೆ ಸಾಕು. ‘ಕೆಂಪು ಬಣ್ಣದ ಕ್ಯಾಲೆಂಡರ್ ಬಟನ್ ಬೇಕು’ ಎಂದು ಬರೆದರೆ ನಿಮ್ಮ ಅಗತ್ಯ ಅವರಿಗೆ ತಿಳಿಯುವುದಿಲ್ಲ, ನೀವು ಊಹಿಸಿದ ಪರಿಹಾರವಷ್ಟೇ ತಿಳಿಯುತ್ತದೆ. ಅದಕ್ಕಿಂತ ಸುಲಭದ ದಾರಿ ಆ ಹುಡುಗರಿಗೆ ಗೊತ್ತಿದ್ದರೂ ಹೇಳುವ ಅವಕಾಶ ಇರುವುದಿಲ್ಲ.

ಈ ಕ್ರಮ 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಅಜೈಲ್ ಪದ್ಧತಿಯಿಂದ ಬಂದದ್ದು. ಅವರಲ್ಲೊಬ್ಬರಾದ ರಾನ್ ಜೆಫ್ರೀಸ್ ಹೇಳಿದಂತೆ ಸ್ಟೋರಿ ಎಂದರೆ ಚೀಟಿ, ಅದರ ಮೇಲಿನ ಮಾತುಕತೆ, ಕೊನೆಗೆ ಖಾತ್ರಿ, ಈ ಮೂರೂ ಸೇರಿದ್ದು. ಆದ್ದರಿಂದ ಬರೆದುಕೊಟ್ಟು ಸುಮ್ಮನಾಗಬೇಡಿ, ಅವರನ್ನು ಮನೆಗೆ ಕರೆಸಿ ಕೂರಿಸಿ ಮಾತನಾಡಿ. ಅತಿಥಿಗಳು ಮುಂಗಡ ಕೊಟ್ಟ ಮೇಲೆ ಬರುವುದಿಲ್ಲವೆಂದರೆ ಎಷ್ಟು ಹಿಂತಿರುಗಿಸುತ್ತೀರಿ, ಮಡಿಕೇರಿ ದಸರಾ ಮತ್ತು ತಲಕಾವೇರಿಯ ತುಲಾ ಸಂಕ್ರಮಣದ ದಿನಗಳಲ್ಲಿ ದರ ಬೇರೆಯೇ, ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಏನು ಮಾಡುತ್ತೀರಿ ಎಂಬ ವಿವರಗಳೆಲ್ಲ ಮಾತಿನ ನಡುವೆಯೇ ಹೊರಬರುತ್ತವೆ. ಅವನ್ನು ಚೀಟಿಯ ಹಿಂಬದಿಯಲ್ಲಿ ‘ಹೀಗಾದಾಗ ಹೀಗಾಗಬೇಕು’ ಎಂಬ ರೀತಿಯಲ್ಲಿ ಬರೆದುಕೊಂಡರೆ, ಕೆಲಸ ಮುಗಿಯಿತೋ ಇಲ್ಲವೋ ಎಂದು ನೀವೇ ಪರೀಕ್ಷಿಸಿ ನೋಡಬಹುದು.

ಕಾನೂನಿಗೆ ಸಂಬಂಧಿಸಿದ್ದನ್ನು ಮರೆಯಬೇಡಿ. ವಿದೇಶಿ ಅತಿಥಿಗಳು ಬಂದ 24 ಗಂಟೆಗಳೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ ಆನ್‌ಲೈನಿನಲ್ಲಿ ಸಲ್ಲಿಸುವ ಹೊಣೆ ಮನೆಯವರದು. ನಿಮ್ಮಲ್ಲಿಗೆ ವಿದೇಶಿಯರು ಬರುವುದಾದರೆ ಆ ವಿವರಗಳನ್ನು ಬುಕಿಂಗ್ ಸಮಯದಲ್ಲೇ ಪಡೆಯುವ ಸ್ಟೋರಿ ಪಟ್ಟಿಯ ಮೇಲ್ಭಾಗದಲ್ಲಿರಲಿ. ಫೋಟೋ ಗ್ಯಾಲರಿ ಎರಡು ತಿಂಗಳು ತಡವಾದರೂ ನಡೆಯುತ್ತದೆ.

ಪ್ರಶ್ನೆ: ಅಗತ್ಯಗಳ ಪಟ್ಟಿಯನ್ನು ಇಡಲು ಯಾವ ತಂತ್ರಾಂಶ ಕೊಳ್ಳಬೇಕು? (ಗೋಣಿಕೊಪ್ಪಲಿನ ಓದುಗರು)

ಉತ್ತರ: ಐದಾರು ಜನರ ತಂಡಕ್ಕೆ ಗೋಡೆ ಮತ್ತು ಚೀಟಿ ಸಾಕು. ದೂರದಲ್ಲಿರುವವರು ತಂಡದಲ್ಲಿದ್ದರೆ ಹಂಚಿಕೊಳ್ಳುವ ಸ್ಪ್ರೆಡ್‌ಶೀಟ್ ಅಥವಾ ಪರದೆಯ ಮೇಲೆ ಚೀಟಿ ಜೋಡಿಸುವ ಟ್ರೆಲ್ಲೊ ಬಳಸಿ. ಜಿರಾದಂಥ ದೊಡ್ಡ ತಂತ್ರಾಂಶಗಳು ಹಲವು ತಂಡಗಳು ಒಟ್ಟಿಗೆ ದುಡಿಯುವಲ್ಲಿ ಉಪಯುಕ್ತ. ಎಲ್ಲಿಟ್ಟರೂ ಪಟ್ಟಿ ಒಂದೇ ಇರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೊಂದು ಪಟ್ಟಿ ಬೆಳೆಯಲು ಬಿಡಬೇಡಿ.

ಪ್ರಶ್ನೆ: ನಮ್ಮ ಸಂಘ ತಂತ್ರಾಂಶಕ್ಕೆ ನಿಗದಿತ ಮೊತ್ತದ ಕರಾರು ಮಾಡಿಕೊಂಡಿದೆ. ಬರೆಯುವ ಕಂಪನಿಯವರು ಏನು ಕೇಳಿದರೂ ‘ನಮ್ಮದು ಅಜೈಲ್, ಮೊದಲೇ ಎಲ್ಲ ಹೇಳಲಾಗದು’ ಎನ್ನುತ್ತಾರೆ. ಲೆಕ್ಕಪರಿಶೋಧನೆಯವರಿಗೆ ನಾನು ಉತ್ತರ ಕೊಡಬೇಕು. ಅಜೈಲ್ ಎಂದರೆ ಯೋಜನೆಯೇ ಬೇಡವೆಂದೇ? (ಸೋಮವಾರಪೇಟೆ ತಾಲ್ಲೂಕಿನ ಸಹಕಾರ ಸಂಘವೊಂದರ ಕಾರ್ಯದರ್ಶಿ)

ಉತ್ತರ: ಅಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯು ಕರಾರಿನ ಚೌಕಾಸಿಗಿಂತ ಗ್ರಾಹಕರೊಡನೆ ಸಹಕಾರಕ್ಕೂ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದಕ್ಕೂ ಹೆಚ್ಚು ಬೆಲೆ ಕೊಡುತ್ತದೆ ನಿಜ. ಆದರೆ ಕರಾರು, ಯೋಜನೆಗಳಿಗೂ ಬೆಲೆಯಿದೆ ಎಂದು ಅದೇ ಪ್ರಣಾಳಿಕೆ ಹೇಳುತ್ತದೆ. ಆ ಮಾತನ್ನು ಬಿಟ್ಟು ಉಳಿದದ್ದನ್ನು ಮಾತ್ರ ಉಲ್ಲೇಖಿಸುವುದು ನ್ಯಾಯವಲ್ಲ.

ನಿಮ್ಮಂಥ ಸಂಸ್ಥೆಗೆ ಹಣವೂ ತಾರೀಖೂ ಬದಲಾಗದೆ, ಸೌಲಭ್ಯಗಳ ಪಟ್ಟಿ ಬದಲಾಗಬಹುದಾದ ಕರಾರು ಒಪ್ಪುತ್ತದೆ. ಈಗಿನ ಪಟ್ಟಿಯ ಪ್ರತಿಯೊಂದು ಅಗತ್ಯಕ್ಕೂ ಕಂಪನಿಯವರು ಒಂದು ಅಂದಾಜು ಅಳತೆ ಹಾಕಲಿ. ನೀವು ನಡುವೆ ಹೊಸದನ್ನು ಕೇಳಿದರೆ, ಅಷ್ಟೇ ಅಳತೆಯ, ಇನ್ನೂ ಆರಂಭವಾಗದ ಮತ್ತೊಂದನ್ನು ಹೊರಗಿಟ್ಟು ಹೊಸದನ್ನು ಹೆಚ್ಚುವರಿ ಹಣವಿಲ್ಲದೆ ಒಳಗೆ ತರುವ ನಿಯಮವನ್ನು ಕರಾರಿನಲ್ಲಿ ಬರೆಸಿ. ಹೊರಗಿಟ್ಟದ್ದು ಯಾವುದು, ಯಾರು ಒಪ್ಪಿದರು ಎಂಬುದು ಅಂದಂದೇ ಕಡತಕ್ಕೆ ಸೇರಲಿ, ಲೆಕ್ಕಪರಿಶೋಧಕರು ಕೇಳಿದಾಗ ತೋರಿಸಲು ಅದೇ ನಿಮ್ಮ ದಾಖಲೆ. ಪ್ರತಿ ಸ್ಪ್ರಿಂಟ್‌ನ ಕೊನೆಗೆ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ, ನಿಮ್ಮ ಗುಮಾಸ್ತರ ಕೈಯಲ್ಲಿ ನಡೆದದ್ದನ್ನು ಮಾತ್ರ ಮುಗಿದ ಕೆಲಸವೆಂದು ಒಪ್ಪಿ ಹಣ ಬಿಡುಗಡೆ ಮಾಡಿ. ಪರದೆಯ ಮೇಲೆ ತೋರಿಸಿದ ಚಿತ್ರಗಳಿಗೆ ಹಣ ಕೊಡಬೇಡಿ. ಮೂಲ ಕೋಡ್ ಮತ್ತು ಸದಸ್ಯರ ಮಾಹಿತಿ ಸಂಘಕ್ಕೆ ಸೇರಿದ್ದು ಎಂಬುದೂ ಕರಾರಿನಲ್ಲಿರಲಿ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಂತೆ ನೀವು ಇಡಬೇಕಾದ ಲೆಕ್ಕ, ದಾಖಲೆಗಳು ಆದ್ಯತೆಯ ಚರ್ಚೆಗೆ ಬರುವಂಥವಲ್ಲ. ಅವುಗಳ ಪಟ್ಟಿಯನ್ನು ಕಂಪನಿಗೆ ಮೊದಲ ದಿನವೇ ಕೊಡಬೇಕಾದದ್ದು ನಿಮ್ಮ ಹೊಣೆ. ಅದನ್ನು ಮೊದಲೇ ತಿಳಿಯಲಾಗದು ಎಂದು ಅವರು ಹೇಳುವಂತಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರಿನಲ್ಲಿ ದಿನಗಟ್ಟಲೆ ಕರೆಂಟ್, ನೆಟ್‌ವರ್ಕ್ ಇರುವುದಿಲ್ಲ. ಆದರೂ ತಂತ್ರಾಂಶ ನಡೆಯಬೇಕು ಎಂದು ಹೇಳಿದರೆ, ಅದು ಸೌಲಭ್ಯವಲ್ಲ, ಆಮೇಲೆ ನೋಡೋಣ ಎನ್ನುತ್ತಾರೆ ಬರೆಯುವವರು. ಇದನ್ನು ಪಟ್ಟಿಯಲ್ಲಿ ಎಲ್ಲಿ ಸೇರಿಸಬೇಕು? (ಭಾಗಮಂಡಲದ ಓದುಗರು)

ಉತ್ತರ: ಎಲ್ಲಕ್ಕಿಂತ ಮೊದಲು. ಇದು ಒಂದು ಚೀಟಿಯಲ್ಲಿ ಮುಗಿಯುವ ಸೌಲಭ್ಯವಲ್ಲ ಎಂಬ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ತಂತ್ರಾಂಶದ ಎಲ್ಲ ಭಾಗಗಳಿಗೂ ಅನ್ವಯಿಸುವ ಗುಣವಾದ್ದರಿಂದಲೇ ಅದನ್ನು ಆಮೇಲೆ ಸೇರಿಸುವುದು ಕಷ್ಟ. ಮಾಹಿತಿಯನ್ನು ಮೊದಲು ಮೊಬೈಲಿನಲ್ಲೇ ಉಳಿಸಿ, ಸಂಪರ್ಕ ಬಂದಾಗ ಸರ್ವರಿಗೆ ಕಳುಹಿಸುವ ವ್ಯವಸ್ಥೆ ಬೇಕಾದರೆ, ಎರಡು ಕಡೆ ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಯಾವುದನ್ನು ಉಳಿಸಬೇಕು, ರಸೀದಿ ಸಂಖ್ಯೆಗಳು ಡಿಕ್ಕಿಯಾಗದಂತೆ ಹೇಗೆ ಕೊಡಬೇಕು ಎಂಬುದನ್ನೆಲ್ಲ ಅಡಿಪಾಯದಲ್ಲೇ ನಿರ್ಧರಿಸಬೇಕಾಗುತ್ತದೆ. ಆರು ತಿಂಗಳು ಬರೆದ ಮೇಲೆ ಇದನ್ನು ತರಹೊರಟರೆ ಬಹುಪಾಲನ್ನು ಮತ್ತೆ ಬರೆಯಬೇಕಾದೀತು.

‘ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು’ ಎಂದಷ್ಟೇ ಬರೆದರೆ ಪರೀಕ್ಷಿಸಲು ಬರುವುದಿಲ್ಲ. ‘ಮೂರು ದಿನ ಸಂಪರ್ಕವಿಲ್ಲದಿದ್ದರೂ ಬರೆದ ಒಂದು ನಮೂದೂ ಕಳೆದುಹೋಗಬಾರದು, ಸಂಪರ್ಕ ಬಂದ ಮೇಲೆ ಬಳಕೆದಾರರು ಏನೂ ಮಾಡದೆ ಎಲ್ಲ ಸರ್ವರಿಗೆ ಸೇರಬೇಕು’ ಎಂದು ಬರೆಸಿ. ಪ್ರತಿ ಸ್ಟೋರಿಯನ್ನೂ ಮುಗಿದಿದೆ ಎನ್ನುವ ಮೊದಲು ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಪರೀಕ್ಷಿಸುವುದನ್ನು ತಂಡ ತನ್ನ ನಿಯಮವಾಗಿಸಿಕೊಳ್ಳಲಿ. 2018ರ ಆಗಸ್ಟ್‌ನ ಭೂಕುಸಿತದ ದಿನಗಳನ್ನು ಕಂಡವರಿಗೆ ಇದು ಅತಿಯಾದ ಎಚ್ಚರಿಕೆ ಎನಿಸಲಾರದು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಅದನ್ನು ವಿವರಿಸಬೇಕಾಗುತ್ತದೆ. ಸಾಧ್ಯವಾದರೆ ಜುಲೈಯಲ್ಲಿ ಒಮ್ಮೆ ಅವರನ್ನು ನಿಮ್ಮೂರಿಗೆ ಕರೆಸಿ.

ಪ್ರಶ್ನೆ: ಕಾಫಿ ತೋಟಗಳ ಕಾರ್ಮಿಕರ ಹಾಜರಿ ಮತ್ತು ಕುಯ್ಲಿನ ಕೂಲಿ ಲೆಕ್ಕದ ಆ್ಯಪ್ ತಂಡದಲ್ಲಿ ಕೆಲಸ ಮಾಡುತ್ತೇನೆ. ಮಾಲೀಕರು ಹಾಗೂ ಮ್ಯಾನೇಜರುಗಳು ಹೇಳಿದ ಅಗತ್ಯಗಳನ್ನೆಲ್ಲ ಆದ್ಯತೆಯ ಪ್ರಕಾರ ಮುಗಿಸಿದ್ದೇವೆ. ಆದರೂ ತೋಟಗಳಲ್ಲಿ ಹಾಜರಿ, ಕೂಲಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕವೇ ನಡೆಯುತ್ತಿದೆ, ಆ್ಯಪ್ ಬಳಸುತ್ತಿಲ್ಲ. ನಮ್ಮ ಆದ್ಯತೆ ಎಲ್ಲಿ ತಪ್ಪಿತು? (ಪೊನ್ನಂಪೇಟೆಯ ಓದುಗರು)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ. ಮಾಲೀಕರು, ಮ್ಯಾನೇಜರುಗಳು ಎಂದು ಬರೆದಿದ್ದೀರಿ. ಸಂಜೆ ಕಣದ ಬಳಿ ನಿಂತು ಒಬ್ಬೊಬ್ಬರ ಹಣ್ಣಿನ ಚೀಲ ತೂಗಿ ಬರೆದುಕೊಳ್ಳುವ ರೈಟರ್ ಆಗಲಿ, ದಿನವಿಡೀ ಕುಯ್ದು ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಕಾರ್ಮಿಕರಾಗಲಿ ನಿಮ್ಮ ಪಟ್ಟಿಯಲ್ಲಿ ಮಾತನಾಡಿದಂತೆ ಕಾಣುವುದಿಲ್ಲ. ಆದ್ಯತೆ ಎಷ್ಟೇ ಶಿಸ್ತಿನಿಂದ ನಿರ್ಧರಿಸಿದರೂ, ಪಟ್ಟಿಗೆ ಬಾರದೇ ಹೋದ ಅಗತ್ಯಕ್ಕೆ ಅದರಲ್ಲಿ ಜಾಗ ಸಿಗುವುದಿಲ್ಲ. ಹಣ ಕೊಡುವವರು ಮತ್ತು ಬಳಸುವವರು ಬೇರೆಯಾಗಿರುವ ಎಲ್ಲ ಕಡೆಯೂ ಈ ಅಪಾಯವಿದೆ. ಆದರೆ ಇಲ್ಲಿ ಒಬ್ಬರ ದಿನದ ಕೂಲಿ ಇದರ ಮೇಲೆ ನಿಂತಿರುವುದರಿಂದ ನನಗೆ ಇದು ಉಳಿದೆಲ್ಲಕ್ಕಿಂತ ಗಂಭೀರವಾಗಿ ತೋರುತ್ತದೆ.

ಕುಯ್ಲಿನ ಸಮಯದಲ್ಲಿ ಒಂದು ಸಂಜೆ ತೂಕದ ಜಾಗಕ್ಕೆ ಹೋಗಿ, ಏನನ್ನೂ ಕೇಳದೆ ನೋಡುತ್ತ ನಿಲ್ಲಿ. ಕತ್ತಲಾಗುವುದರೊಳಗೆ ಎಲ್ಲರದ್ದೂ ಮುಗಿಯಬೇಕೆಂಬ ಅವಸರ ರೈಟರಿಗಿರುತ್ತದೆ. ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಅಂಕಿ ಬರೆಯಲು ಅವರಿಗೆ ಹಿಡಿಯುವಷ್ಟೇ ಸಮಯದಲ್ಲಿ ನಿಮ್ಮ ಆ್ಯಪ್‌ನಲ್ಲಿ ಬರೆಯಲಾಗುತ್ತದೆಯೇ, ಒದ್ದೆಯಾದ, ಮಣ್ಣು ಮೆತ್ತಿದ ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ, ಒಂದೇ ಹೆಸರಿನ ಇಬ್ಬರನ್ನು ಗುರುತಿಸಲು ಆಗುತ್ತದೆಯೇ ಎಂಬುದನ್ನು ಗಮನಿಸಿ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿರುವವರು ಆಡುವ ಭಾಷೆಗಳು ಹಲವು, ಹೊರರಾಜ್ಯಗಳಿಂದ ಬಂದವರೂ ಇದ್ದಾರೆ. ಅವರ ಮಾತು ಕೇಳಲು ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮಾಲೀಕರ ಎದುರಿನಲ್ಲಿ ಅವರು ಮನಸ್ಸು ಬಿಚ್ಚಿ ಮಾತನಾಡುತ್ತಾರೆಂದು ನಿರೀಕ್ಷಿಸಬೇಡಿ.

ಪುಸ್ತಕದಲ್ಲಿ ಬರೆದದ್ದನ್ನು ಕಾರ್ಮಿಕರು ಪಕ್ಕದಲ್ಲೇ ನಿಂತು ನೋಡಬಹುದು, ಓದಲು ಬಾರದವರು ಬೇರೆಯವರಿಂದ ಓದಿಸಿಕೊಳ್ಳಬಹುದು. ರೈಟರ್ ಕೈಯ ಮೊಬೈಲಿನೊಳಗೆ ಹೋದ ಅಂಕಿ ಅವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತೂಕವಾದ ಕೂಡಲೇ ಅಂಕಿಯನ್ನು ದೊಡ್ಡದಾಗಿ ತೋರಿಸಿ ಗಟ್ಟಿಯಾಗಿ ಹೇಳುವ ಸೌಲಭ್ಯವನ್ನೂ, ವಾರದ ಕೊನೆಗೆ ಪ್ರತಿಯೊಬ್ಬರಿಗೂ ಅವರ ದಿನವಹಿ ತೂಕದ ಚೀಟಿ ಕೊಡುವುದನ್ನೂ ಪಟ್ಟಿಯ ತಲೆಯಲ್ಲಿಡಿ. ಮ್ಯಾನೇಜರುಗಳ ಹೋಲಿಕೆ ವರದಿ, ಗ್ರಾಫುಗಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ನಿಮ್ಮ ಪ್ರಾಡಕ್ಟ್ ಓನರ್ ಇದಕ್ಕೆ ಒಪ್ಪದಿದ್ದರೆ, ರೈಟರುಗಳು ಆ್ಯಪ್ ಬಳಸದೆ ಮ್ಯಾನೇಜರಿಗೆ ಯಾವ ವರದಿಯೂ ಸಿಗುವುದಿಲ್ಲ ಎಂಬ ಲೆಕ್ಕವನ್ನು ತೋರಿಸಿ. ಮುಂದಿನ ಸ್ಪ್ರಿಂಟ್‌ನ ಪರಿಶೀಲನೆಯನ್ನು ಕಚೇರಿಯಲ್ಲಿ ನಡೆಸುವ ಬದಲು ಒಂದು ತೋಟದ ತೂಕದ ಜಾಗದಲ್ಲಿ ನಡೆಸಿ, ಆ್ಯಪನ್ನು ರೈಟರ್ ಕೈಗೇ ಕೊಡಿ. ಅಂದು ಅವರು ಪುಸ್ತಕ ತೆರೆಯುವ ಪ್ರತಿ ಸಂದರ್ಭವನ್ನೂ ಬರೆದುಕೊಂಡರೆ ಅದರ ಮುಂದಿನ ಸ್ಪ್ರಿಂಟ್‌ಗೆ ಬೇಕಾದ ಪಟ್ಟಿ ಸಿಗುತ್ತದೆ.